ಬೀಗ ಬೇಡದ ಪ್ರತಿ

ಪ್ರೀತಿಯ ಅಪ್ಪನಿಗೆ,

ಫೋನಿನಲ್ಲಿ ಹೇಳಿದರೆ ನಡುವೆ ಬಾಯಿ ಹಾಕುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನೆ ನೆಲ ಒರೆಸುವ ದ್ರಾವಣ ಕುಡಿದ ಮಗುವನ್ನು ಆಸ್ಪತ್ರೆಗೆ ತಂದಾಗ, ನರ್ಸಕ್ಕ ಗೋಡೆಯ ಮೇಲೆ ಇನ್ನೂ ಇರುವ ನಿಮ್ಮ ನಂಬರಿಗೆ ಫೋನು ಮಾಡಿದರು. ಏನು ಮಾಡಬೇಕೆಂದು ನೀವು ತಕ್ಷಣ ಹೇಳಿದಿರಿ. ಮಗು ಚೆನ್ನಾಗಿದೆ. "ರಿಟೈರಾದರೂ ನಾನಿಲ್ಲದೆ ಅಲ್ಲಿ ಏನೂ ನಡೆಯಲ್ಲ" ಅಂತ ಅಮ್ಮನ ಹತ್ತಿರ ಬೀಗಿದಿರಂತೆ.

ನರ್ಸಕ್ಕ ನಿಮಗೆ ಫೋನು ಯಾಕೆ ಮಾಡಬೇಕಾಯಿತು ಅಂತ ನಾನು ಹುಡುಕಿದೆ. ನೀವು ಕಟ್ಟಿದ ವಿಷ-ಮದ್ದುಗಳ ಡೇಟಾಬೇಸ್ ಆಸ್ಪತ್ರೆಯ ಸರ್ವರಿನಲ್ಲಿದೆ. ಮನೆಯಿಂದ ನೀವು ಬರೀ ನೋಡಲು ತೆರೆದರೂ, ತಿದ್ದಲು ಬಂದಿದ್ದೀರೆಂದುಕೊಂಡು ಪ್ರೋಗ್ರಾಂ ಇಡೀ ಫೈಲಿಗೆ ಬೀಗ ಹಾಕುತ್ತದೆ. ನಿನ್ನೆ ಮಗು ಬರುವ ಮೊದಲಿನಿಂದಲೂ ಅದು ನಿಮ್ಮ ಮನೆಯಲ್ಲಿ ತೆರೆದೇ ಇತ್ತು. ನರ್ಸಕ್ಕನ ಪರದೆಯಲ್ಲಿ ಬಂದದ್ದು "ಬೇರೊಬ್ಬರು ಬಳಸುತ್ತಿದ್ದಾರೆ" ಎಂಬ ಒಂದೇ ಸಾಲು. ಆ ಬೇರೊಬ್ಬರು ಅದೇ ಪುಟ ನೋಡಿಕೊಂಡು ಫೋನಿನಲ್ಲಿ ಉತ್ತರ ಹೇಳುತ್ತಿದ್ದರು.

ಇವತ್ತು ಓದಲು ಮಾತ್ರ ಅಂತ ಬೇರೆ ಪ್ರತಿ ಇಟ್ಟಿದ್ದೇನೆ. ಇದು ಬದಲಾಗುವುದಿಲ್ಲ, ಬೀಗ ಬೇಡ ಎಂದು ಪ್ರೋಗ್ರಾಮಿಗೂ ಹೇಳಿಕೊಟ್ಟಿದ್ದೇನೆ. ಎಷ್ಟು ಜನ ಬೇಕಾದರೂ ಒಟ್ಟಿಗೆ ನೋಡಬಹುದು. ನೀವೂ ಇನ್ನು ಅದನ್ನೇ ತೆರೆಯಿರಿ. ತಪ್ಪು ಕಂಡರೆ ನನಗೆ ಬೈದು ಹೇಳಿ, ಮೂಲದಲ್ಲಿ ತಿದ್ದಿ ಹೊಸ ಪ್ರತಿ ಇಡುತ್ತೇನೆ. ನಿಮ್ಮ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ಗೊತ್ತು, ಭಾನುವಾರ ನಾನು ಊಟಕ್ಕೆ ಬಂದಾಗ ತೀರಿಸಿಕೊಳ್ಳಿ.

ಮಗುವಿನ ತಾಯಿ ನಿಮಗೆ ಕೈಮುಗಿದೆ ಅಂತ ಹೇಳಿ ಅಂದರು. ಹೇಳಿದ್ದೇನೆ. ಬೀಗದ ವಿಷಯ ಅವರಿಗೂ ಹೇಳಿಲ್ಲ, ಅಮ್ಮನಿಗೂ ಹೇಳಿಲ್ಲ.

ನಿಮ್ಮ ಕುರ್ಚಿಯಲ್ಲಿ ಕೂತಿರುವ,
ನಿಮ್ಮ ಮಗಳು