ಇವತ್ತು ಒಂದು ಸಲವೂ ಕೂಗಲಿಲ್ಲ

ನವೆಂಬರ್ ೧೨, ಮಂಗಳವಾರ

ದೀಪ ಆರಿಸಿ ಮಲಗಿದ್ದೆ. ಮತ್ತೆ ದೀಪ ಹಚ್ಚಿ ಎದ್ದು ಕುಳಿತೆ.

ಆಸ್ಪತ್ರೆಯಲ್ಲಿ ರಕ್ತದ ಫ್ರಿಜ್‌ಗಳ ತಾಪಮಾನದ ಮೇಲೆ ಕಣ್ಣಿಡುವ ತಂತ್ರಾಂಶ ಹಳೆಯ ಆಪರೇಟಿಂಗ್ ಸಿಸ್ಟಮ್‌ನಲ್ಲಷ್ಟೇ ಓಡುತ್ತದೆ. ಹಳೆಯ ಕಂಪ್ಯೂಟರ್ ಸಾಯುವಂತಿತ್ತು. ಹಾಗಾಗಿ ಇಂದು ಹೊಸದರೊಳಗೆ ಒಂದು ವರ್ಚುವಲ್ ಮಷಿನ್, ಅಂದರೆ ಕಂಪ್ಯೂಟರಿನೊಳಗೊಂದು ಕಂಪ್ಯೂಟರ್ ಮಾಡಿ, ಆ ಹಳೆಯ ಸಿಸ್ಟಮ್ಮನ್ನೇ ಹಗುರಗೊಳಿಸಿ ಕೂರಿಸಿದೆ. ಬೇಡವೆನಿಸಿದ್ದನ್ನೆಲ್ಲ ಕಿತ್ತೆ: ಆಟಗಳು, ಪ್ರಿಂಟರ್, ಮನೆಯಿಂದಲೇ ಅದರ ಪರದೆ ನೋಡುವ ಸೌಲಭ್ಯ, ಧ್ವನಿ. ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಂಡಿತು. ಹಿಗ್ಗಿ ಹೀರೇಕಾಯಿಯಾದೆ.

ಅಲ್ಲೇ ನರ್ಸ್ ಆಗಿರುವ ಅತ್ತಿಗೆ ಸಂಜೆ ಫ್ರಿಜ್ ಕೋಣೆಗೆ ಬೀಗ ಹಾಕುತ್ತ ಅಂದಳು, "ಎಷ್ಟು ನೆಮ್ಮದಿ ಕಣೆ. ಫ್ರಿಜ್ ಬಾಗಿಲು ಸ್ವಲ್ಪ ಹೊತ್ತು ತೆಗೆದಿಟ್ರೆ ಸಾಕು, ಕುಂಯ್ ಅಂತ ತಲೆ ತಿನ್ನೋದು. ಇವತ್ತು ಒಂದ್ಸಲಾನೂ ಕೂಗ್ಲಿಲ್ಲ ನೋಡು."

ಹೊಗಳಿಕೆ ಎಂದುಕೊಂಡು ನಾನೂ ನಕ್ಕೆ.

ಕೂಗುತ್ತಿದ್ದದ್ದು ಫ್ರಿಜ್ ಅಲ್ಲ, ಕಂಪ್ಯೂಟರ್. ಧ್ವನಿ ಕಿತ್ತು ಅದರ ಗಂಟಲನ್ನು ನಾನೇ ಕೊಯ್ದಿದ್ದೇನೆ. ಈಗ ತಾಪ ಏರಿದರೆ ಪರದೆಯ ಮೇಲೆ ಕೆಂಪು ಅಕ್ಷರ ಮೂಡೀತು, ಅಷ್ಟೇ. ಬೀಗ ಬಿದ್ದ ಕತ್ತಲ ಕೋಣೆಯಲ್ಲಿ ಅದನ್ನು ಓದುವವರು ಯಾರು? ಬೆಳಿಗ್ಗೆ ಒಬ್ಬ ಹುಡುಗಿಗೆ ಆಪರೇಷನ್ ಇದೆ, ಅವಳಿಗೆ ಕೊಡುವ ರಕ್ತವೂ ಅಲ್ಲೇ ಇದೆ. ಕೆಟ್ಟರೂ ಅದು ಕೆಂಪಾಗಿಯೇ ಕಾಣುತ್ತದಂತೆ.

ಆಸ್ಪತ್ರೆಯ ಕಾವಲುಗಾರನಿಗೆ ಫೋನ್ ಮಾಡಿದೆ. ಪಾಪ, ಹೋಗಿ ಬಾಗಿಲಿಗೆ ಕಿವಿಯಿಟ್ಟು ಬಂದ.

"ಒಳಗೆ ಒಂಚೂರೂ ಸದ್ದಿಲ್ಲ ಮೇಡಂ. ಸದ್ದಾದ್ರೆ ತಾನೇ ಭಯ? ನೀವು ಆರಾಮಾಗಿ ಮಲ್ಕೊಳ್ಳಿ."

ಬೀಗದ ಕೈ ಪಕ್ಕದ ಕೋಣೆಯಲ್ಲಿ ಮಲಗಿರುವ ಅತ್ತಿಗೆಯ ದಿಂಬಿನ ಕೆಳಗಿದೆ. ಅವಳನ್ನು ಎಬ್ಬಿಸಿ ಏನಂತ ಹೇಳಲಿ? ಇರಲಿ, ಬರೆದದ್ದು ಸಾಕು, ಹೋಗಿ ಎಬ್ಬಿಸುತ್ತೇನೆ.