ಫ್ಯೂಸಿನ ಜಾಗದಲ್ಲಿ

ಗುರುವಾರ, ಹದಿನೇಳನೇ ತಾರೀಕು

ಪ್ರೀತಿಯ ಅಕ್ಕಾ,

ಹೇಗಿದ್ದೀಯ ಅಂತ ಕೇಳುವ ಮುಖ ನನಗಿಲ್ಲ. ಸುಟ್ಟ ಕೈಗೆ ದಿನಾ ಪಟ್ಟಿ ಬದಲಿಸುತ್ತಿದ್ದಾರಾ, ಅಷ್ಟು ಮಾತ್ರ ತಿಳಿಸು.

ಭಾವ ಹೋಗಿ ಇಪ್ಪತ್ತಾರು ದಿನವಾಯಿತು. ಅಷ್ಟು ದಿನವೂ ನಿನ್ನ ಬಾಯಲ್ಲಿ ಒಂದೇ ಮಾತು: ನಾನು ಕರೆಂಟಿನ ಕೆಟಲ್ ಹಾಕಿ ಹೊರಗೆ ಹೋಗಬಾರದಿತ್ತು. ಮೊನ್ನೆ ನಿನ್ನ ಮೈದುನ ಎಲ್ಲರೆದುರಿಗೆ, "ಅತ್ತಿಗೆಗೆ ಗಾಡಿಯಲ್ಲೂ ಮನೆಯ ಸುಖಾನೇ ಬೇಕಿತ್ತು" ಅಂದಾಗ ನೀನು ತಲೆ ತಗ್ಗಿಸಿದೆ. ನಾನು ನಿನ್ನ ಪಕ್ಕದಲ್ಲೇ ಕೂತಿದ್ದೆ.

ಬೆಂಕಿ ಹತ್ತಿದ್ದು ಕೆಟಲ್‌ನಿಂದ ಅಲ್ಲ ಅಕ್ಕಾ. ನನ್ನಿಂದ.

ನೀವಿಬ್ಬರೂ ಊರೂರು ಸುತ್ತಲು ಮನೆಯ ಹಾಗೆ ಮಾಡಿಸಿಕೊಂಡ ವ್ಯಾನಿಗೆ, ನಿಮ್ಮ ಮನೆಗಾಡಿಗೆ, ವೈರಿಂಗ್ ಮಾಡಿದವಳು ನಾನು. ಡ್ರೈವರ್ ಸೀಟಿನ ಹಿಂದೆ ಬ್ಯಾಟರಿ, ಮಂಚದ ಕೆಳಗೆ ಇನ್ವರ್ಟರ್, ಅಂದರೆ ಬ್ಯಾಟರಿಯ ಹನ್ನೆರಡು ವೋಲ್ಟನ್ನು ಮನೆಯ ಕರೆಂಟಾಗಿ ಮಾಡಿಕೊಡುವ ಪೆಟ್ಟಿಗೆ. ಎರಡರ ನಡುವೆ ಹೆಬ್ಬೆರಳು ದಪ್ಪದ ಕೆಂಪು ವೈರು. ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ ಅಂತ ಜನ ಅದನ್ನು ಹಗುರ ಮಾಡುತ್ತಾರೆ. ಆದರೆ ಅದು ಗಾಡಿಯ ತಗಡಿಗೆ ತಾಗಿತೋ, ಬ್ಯಾಟರಿ ತನ್ನಲ್ಲಿರುವುದನ್ನೆಲ್ಲ ಒಂದೇ ಉಸಿರಿಗೆ ಸುರಿದುಬಿಡುತ್ತದೆ. ಇನ್ವರ್ಟರಿನ ಆಚೆಗಿನ ಟ್ರಿಪ್ ಸ್ವಿಚ್‌ಗಳು ಪ್ಲಗ್ಗಿನ ಕಡೆಯನ್ನಷ್ಟೇ ಕಾಯುತ್ತವೆ. ಈಚೆಯ ವೈರನ್ನು ಕಾಯಲು ಇರುವುದು ಬ್ಯಾಟರಿಯಿಂದ ಗೇಣು ದೂರದಲ್ಲಿ ಕೂರಿಸುವ ಫ್ಯೂಸ್ ಒಂದೇ.

ಆ ವೈರು ಮಂಚದ ಕೆಳಗಿನ ತಗಡಿನ ತೂತನ್ನು ದಾಟುವ ಕಡೆ, ಅಂಚು ವೈರನ್ನು ಕೊಯ್ಯದ ಹಾಗೆ ರಬ್ಬರ್ ಬುಶ್ ಹಾಕಬೇಕು. ಅವತ್ತು ವರ್ಕ್‌ಶಾಪಿನಲ್ಲಿ ಆ ಅಳತೆಯದು ಮುಗಿದಿತ್ತು. ನೀವಿಬ್ಬರೂ ಹೊರಡುವ ಸಡಗರದಲ್ಲಿದ್ದಿರಿ. ಟೇಪ್ ಸುತ್ತಿ ಬಿಟ್ಟೆ.

ಬೆಂಕಿಯ ಹಿಂದಿನ ದಿನ ಬೆಳಗ್ಗೆ ಭಾವ ಫೋನ್ ಮಾಡಿದ್ದರು. ನೀನು ಸ್ನಾನಕ್ಕೆ ಹೋಗಿದ್ದೆಯಂತೆ. "ಮೂರನೇ ಸಲ ಫ್ಯೂಸ್ ಹೋಯ್ತಲ್ಲಮ್ಮಾ. ನಿಮ್ಮಕ್ಕನಿಗೆ ಟೀ ಸಿಗದಿದ್ರೆ ನನಗೆ ಉಳಿಗಾಲ ಇಲ್ಲ" ಅಂತ ನಕ್ಕರು. ಯಾಕೆ ಹೋಗುತ್ತಿದೆ ಅಂತ ನಾನು ಯೋಚಿಸಬೇಕಿತ್ತು. ಆಗ ಬೇರೊಂದು ಗಾಡಿಯ ಕೆಳಗೆ ಅಂಗಾತ ಮಲಗಿದ್ದೆ, ಕೈತುಂಬ ಗ್ರೀಸು. "ಲೋಡ್ ಜಾಸ್ತಿ ಆಗಿರ್ಬೇಕು ಭಾವ. ಸದ್ಯಕ್ಕೆ ಆ ಜಾಗಕ್ಕೆ ಒಂದು ತಾಮ್ರದ ಪಟ್ಟಿ ಬಿಗಿದುಬಿಡಿ, ಇಲ್ಲಿಗೆ ಬಂದಾಗ ನೋಡೋಣ" ಅಂದೆ.

"ಏನೂ ಆಗಲ್ಲ ತಾನೇ?" ಅಂದರು.

"ಏನೂ ಆಗಲ್ಲ" ಅಂದೆ.

ಮರುದಿನ ಊಟವಾದ ಮೇಲೆ ನೀನು ಟೀಗೆ ಕೆಟಲ್ ಹಾಕಿ, ಪಾತ್ರೆ ತೊಳೆಯಲು ನಲ್ಲಿಯ ಹತ್ತಿರ ಹೋದೆ. ಭಾವ ಮಂಚದ ಮೇಲೆ ಒರಗಿದರು. ಹಲಗೆ ಕುಗ್ಗಿ ವೈರನ್ನು ತಗಡಿನ ಅಂಚಿಗೆ ಒತ್ತಿತು. ಅಷ್ಟು ದಿನದ ಕುಲುಕಾಟಕ್ಕೆ ಟೇಪ್ ಸವೆದು ತಾಮ್ರ ಹೊರಗೆ ಬಂದಿತ್ತು. ನಾನು ಹೇಳಿದ ಪಟ್ಟಿ ಕರಗಲಿಲ್ಲ, ವೈರು ಕೆಂಡದಂತೆ ಕಾದು ಹಾಸಿಗೆಗೆ ಬೆಂಕಿ ಹತ್ತಿತು. ಫ್ಯೂಸ್ ಇದ್ದಿದ್ದರೆ ಚಟ್ ಅಂತ ಹೋಗುತ್ತಿತ್ತು, ನಿಮಗೆ ಟೀ ತಪ್ಪುತ್ತಿತ್ತು, ಅಷ್ಟೇ. ನೀನು ಕೆಟಲ್ ಮುಟ್ಟದೇ ಇದ್ದಿದ್ದರೂ ಆಗುವುದು ಇದೇ ಆಗುತ್ತಿತ್ತು. ನೀನು ಕೈ ಸುಟ್ಟುಕೊಂಡು ಬಾಗಿಲು ಎಳೆಯುವಷ್ಟರಲ್ಲಿ ಹೊಗೆ ಅವರನ್ನು ಮುಗಿಸಿತ್ತು.

ವೈರಿಂಗ್ ಮಾಡಿದವಳೆಂದು ತನಿಖೆಯವರು ಸುಟ್ಟ ಗಾಡಿಯ ಹತ್ತಿರ ನನ್ನನ್ನೇ ಕರೆಸಿದರು. ಅಧಿಕಾರಿ ಫೋನ್ ಬಂತೆಂದು ಆಚೆ ಹೋದಾಗ ಆ ತಾಮ್ರದ ಪಟ್ಟಿಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಅದು ಸುಲಭವಾಗಿ ಬಿಚ್ಚಲಿಲ್ಲ. ಭಾವನ ಕೆಲಸ ಗೊತ್ತಲ್ಲ, ನಟ್ಟು ಬಿಗಿದರೆ ಬಿಗಿದ ಹಾಗೆ. ಇಲ್ಲಿ ಫ್ಯೂಸ್ ಇತ್ತೇನಮ್ಮಾ ಅಂತ ಅಧಿಕಾರಿ ಕೇಳಿದರು. ಇತ್ತು, ಉರಿದುಹೋಗಿದೆ ಅಂದೆ. ಅವರು ಕೆಟಲ್ ಅಂತ ಬರೆದುಕೊಂಡರು.

ಜೈಲಿಗೆ ಹೆದರಿದೆ, ಕೆಲಸ ಹೋಗುತ್ತದೆಂದು ಹೆದರಿದೆ. ಎಲ್ಲಕ್ಕಿಂತ ಹೆಚ್ಚಾಗಿ, ನೀನು ನನ್ನನ್ನು ನೋಡುವ ನೋಟಕ್ಕೆ ಹೆದರಿದೆ. ಆದರೆ ಮೊನ್ನೆ ನೀನು ಗ್ಯಾಸ್ ಹಚ್ಚಲು ಹೋದವಳು ಹಚ್ಚದೇ ಹಿಂದೆ ಸರಿದದ್ದನ್ನು ನೋಡಿದೆ. ಇನ್ನು ನನ್ನಿಂದಾಗಲಿಲ್ಲ.

ಕ್ಷಮಿಸು ಅಂತ ಕೇಳುವುದಿಲ್ಲ. ನಿನ್ನ ತಪ್ಪೇನೂ ಇಲ್ಲ. ಈ ಕಾಗದವನ್ನು ನಿನ್ನ ಮೈದುನನಿಗೂ ತೋರಿಸು.

ನಿನ್ನ ತಂಗಿ ಅನ್ನಿಸಿಕೊಳ್ಳಲು ಇನ್ನೂ ಆಸೆಯಿರುವ,
ಪುಟ್ಟಿ

ತಾ.ಕ.: ಇದನ್ನೆಲ್ಲ ಇವತ್ತು ಬೆಳಗ್ಗೆಯೇ ಅಧಿಕಾರಿಯ ಮುಂದೆ ಹೇಳಿ, ಸಹಿ ಹಾಕಿ ಬಂದು, ಆಮೇಲೆ ನಿನಗೆ ಬರೆಯಲು ಕೂತೆ. ಮೊದಲು ನಿನಗೆ ಹೇಳಿದ್ದರೆ ನೀನು, "ಹೋದವರು ಹೋದರು, ನೀನೊಬ್ಬಳಾದರೂ ಉಳಿಯೇ" ಅನ್ನುತ್ತಿದ್ದೆ. ನಾನು ಉಳಿದುಬಿಡುತ್ತಿದ್ದೆ.