ಕನೇಲಾಳ ಮುಖದ ಮೇಲಿನ ಬಟ್ಟೆ

ಆಗಸ್ಟ್ 11, ಬೆಳಿಗ್ಗೆ

ಚಳಿಗೆ ಕ್ಯಾಮೆರಾ ಬ್ಯಾಟರಿ ಮತ್ತೆ ಡೌನ್. ರಾತ್ರಿಯಿಡೀ ಕಂಕುಳಲ್ಲಿಟ್ಟುಕೊಂಡು ಮಲಗಿದ್ದೇ ಬಂತು. ಲೆನ್ಸ್ ಒರೆಸಿದೆ. ಚಹಾ ಕುದಿಯುವ ಹೊತ್ತಿಗೆ ಬೆರಳುಗಳು ಹೇಳಿದ ಮಾತು ಕೇಳತೊಡಗಿದವು.

ಕಾಂಡೋರ್ ಹದ್ದುಗಳು ಇವತ್ತೂ ಮೇಲೆಯೇ. ಸುತ್ತುತ್ತವೆ, ಇಳಿಯುವುದಿಲ್ಲ. ಹಾರುವ ಕಾಂಡೋರ್ ಫೋಟೊ ಕುಸ್ಕೊ ಪೇಟೆಯ ಅಂಗಡಿ ಅಂಗಡಿಯಲ್ಲೂ ನೇತಾಡುತ್ತದೆ. ನನಗೆ ಬೇಕಾದದ್ದು ನೆಲದ ಮೇಲೆ ಕೂತದ್ದು, ತಿನ್ನುತ್ತಿರುವುದು. ಫೋಟೊ ಸ್ಪರ್ಧೆಯವರ ನಿಯಮ ಬೇರೆ — ಆಮಿಷ ಒಡ್ಡಬಾರದು, ಚಿತ್ರದಲ್ಲಿ ಮನುಷ್ಯನ ಗುರುತು ಕಾಣಬಾರದು. ಇಷ್ಟು ವರ್ಷ ವಿದೇಶಿಯರ ಟ್ರೈಪಾಡ್ ಹೊತ್ತು ಈ ಬೆಟ್ಟ ಹತ್ತಿದೆ. ಬಹುಮಾನ ಅವರಿಗೆ, ಮಂಡಿನೋವು ನನಗೆ. ಇನ್ನು ಬೆಟ್ಟ ಹತ್ತಬೇಡ ಎಂದು ಡಾಕ್ಟರ್ ಹೇಳಿಯಾಗಿದೆ. ಇದೇ ಕೊನೆಯ ಸಲ.

ನಮ್ಮ ಹೊರೆ ಹೊರಲು, ಜೊತೆಗೆ ಬಂದಿರುವ ಫೌಸ್ಟೀನೊನ ಒಂದು ಹೇಸರಗತ್ತೆ, ಒಂದು ಮುದಿ ಕುದುರೆ. ಕುದುರೆಯ ಹೆಸರು ಕನೇಲಾ. ಬೆಳಿಗ್ಗೆಯೇ ಅವನು ಅದರ ಮುಂಗಾಲು ನೀವುತ್ತ ಕೂತಿದ್ದ.

"ಕೊಮಾದ್ರೆ, ಇವತ್ತೊಂದಿನ ಇಲ್ಲೇ ಇರೋಣ. ಕಾಲೇ ಊರ್ತಿಲ್ಲ ಇದು."

"ಕೂರೋಕೆ ಬಂದಿದ್ದಾ ನಾವು?"

"ವಯಸ್ಸಾಯ್ತು, ಪಾಪ."

"ನನಗೂ ಆಯ್ತು. ನನ್ ಕಾಲು ಯಾರು ತಿಕ್ತಾರೆ?"

ನಕ್ಕ. "ನಿಮ್ಮ ಕಾಲು ಹಿಡಿದ್ರೆ ಒದೀತೀರಿ. ಇದು ಒದಿಯಲ್ಲ."

ಅವನ ಮಗಳು ಯೆಸೇನಿಯಾಳ ದೀಕ್ಷಾಸ್ನಾನದ ದಿನ ಮಗುವನ್ನು ಎತ್ತಿಕೊಂಡು ಧರ್ಮತಾಯಿಯಾದವಳು ನಾನು. ಅಂದಿನಿಂದ ಅವನಿಗೆ ನಾನು ಕೊಮಾದ್ರೆ, ನನಗೆ ಅವನು ಕೊಂಪಾದ್ರೆ. ಒಡಹುಟ್ಟಿದವರಿಗಿಂತ ಹತ್ತಿರ ಎನ್ನುತ್ತಾರೆ. ಆ ಹುಡುಗಿ ಶಾಲೆಗೆ ಹೋಗಿಬಂದದ್ದೆಲ್ಲ ಇದೇ ಕುದುರೆಯ ಬೆನ್ನ ಮೇಲೆ.

ಹೊರಟೆವು.

ಆಗಸ್ಟ್ 12

ಹೊರೆ ಬದಲಿಸಿದೆ. ದೊಡ್ಡ ಲೆನ್ಸಿನ ಪೆಟ್ಟಿಗೆ, ಟೆಂಟು, ಸೀಮೆಎಣ್ಣೆ — ಎಲ್ಲ ಹೇಸರಗತ್ತೆಯಿಂದ ಇಳಿಸಿ ಕನೇಲಾಳ ಮೇಲೆ. ಫೌಸ್ಟೀನೊ ನೀರಿಗೆ ಹೋಗಿದ್ದ. ಬಂದು ನೋಡಿದ.

"ಇದ್ಯಾಕೆ ಹಿಂಗೆ?"

"ಹೇಸರಗತ್ತೆ ಕುಣಿಯುತ್ತೆ. ಲೆನ್ಸ್ ಒಡೆದ್ರೆ ಏನ್ ಮಾಡ್ಲಿ?"

ಅವನು ತನ್ನ ಬೆನ್ನಿಗೊಂದು ಗಂಟು ಕಟ್ಟಿಕೊಂಡು ಕನೇಲಾಳ ಭಾರ ಸ್ವಲ್ಪ ಇಳಿಸಿದ.

ಓದುವವರು ಯಾರಿದ್ದಾರೆ, ಬರೆದೇಬಿಡುತ್ತೇನೆ. ಬೀಳಲಿ ಅಂತಲೇ ಹೊರಿಸಿದ್ದು. ನಾವಾಗಿ ಕೊಂದು ಹಾಕಿದರೆ ಆಮಿಷ. ತಾನಾಗಿ ಬಿದ್ದು ಸತ್ತರೆ ಯಾವ ನಿಯಮಕ್ಕೂ ಅಡ್ಡಿಯಿಲ್ಲ. ನಾಳೆಯಿಂದ ಕಡಿದಾದ ಏರು.

ಆಗಸ್ಟ್ 14, ಮಧ್ಯಾಹ್ನ

ಬಿತ್ತು. ಯಾನಾಕಾಸಾ ಕಣಿವೆದಾರಿಯ ನೆತ್ತಿಯಲ್ಲಿ, ಸಡಿಲ ಕಲ್ಲುಗಳ ನಡುವೆ. ಮುಂಗಾಲು ಎರಡೂ ಮುರಿದವು.

ಫೌಸ್ಟೀನೊ ಅದರ ಬಾಯಿಗೆ ನೋವು ಮರೆಸುವ ಕೋಕಾ ಎಲೆ ಇಟ್ಟ. ಕಿವಿಯಲ್ಲಿ ಏನೋ ಹೇಳಿದ. ಆಮೇಲೆ, ನರಳದಿರಲೆಂದು, ಚಾಕು ತೆಗೆದ. ನಾನು ಬೆಳಕು ನೋಡುತ್ತಿದ್ದೆ. ಚೆನ್ನಾಗಿತ್ತು.

ಫೌಸ್ಟೀನೊ ತನ್ನ ಕೊರಳಿಗೆ ಸುತ್ತಿಕೊಂಡಿದ್ದ ಕೆಂಪು ಬಟ್ಟೆ ಬಿಚ್ಚಿ ಅದರ ಮುಖಕ್ಕೆ ಹೊದಿಸಿದ. ಗಾಳಿಗೆ ಹಾರದಂತೆ ಅಂಚಿಗೆ ಕಲ್ಲಿಟ್ಟ.

"ಹದ್ದುಗಳು ಮೊದ್ಲು ಕಣ್ಣೇ ಕೀಳ್ತವೆ. ಬಟ್ಟೆ ಮಾತ್ರ ತೆಗೀಬೇಡಿ, ಕೊಮಾದ್ರೆ. ಬಟ್ಟೆ ಇದ್ರೆ ಇದು ಯಾರದೋ ಒಬ್ರದ್ದು. ತೆಗೆದ್ರೆ ಬರೀ ಮಾಂಸ."

"ಆಯ್ತು, ತೆಗೆಯಲ್ಲ."

"ಆಣೆ?"

"ಯೆಸೇನಿಯಾ ಆಣೆ."

ಪ್ರಾಣಿ ಸತ್ತ ಜಾಗದಲ್ಲಿ ಅದರ ಯಜಮಾನ ನಿಲ್ಲುವಂತಿಲ್ಲ, ಅವನ ಊರಿನ ಪದ್ಧತಿ. ಕೆಳಗಿನ ಕೆರೆಯಲ್ಲಿ ಕೈ ತೊಳೆಯುವವರೆಗೆ ತಿರುಗಿಯೂ ನೋಡುವಂತಿಲ್ಲ. ಹಿಂದಿನಿಂದ ಯಾರ ದನಿ ಕೇಳಿದರೂ ಕರೆಯುವುದು ಸತ್ತ ಪ್ರಾಣಿಯೇ, ತಿರುಗಿದರೆ ಮನೆಯವರನ್ನೂ ಕರೆದೊಯ್ಯುತ್ತದೆ. ಈ ಕಥೆ ಹೇಳಿ ಎಷ್ಟು ವಿದೇಶಿಯರನ್ನು ನಗಿಸಿದ್ದೇನೋ.

"ನಾಡಿದ್ದು ನಾನೇ ಇಳಿದು ಬರ್ತೀನಿ. ಅಲ್ಲಿ ತನಕ ಮೇಲೆ ಬರಬೇಡಿ, ಹಕ್ಕಿ ಬೆದರುತ್ತೆ" ಎಂದೆ. ತಲೆಯಾಡಿಸಿ ಹೇಸರಗತ್ತೆ ಹೊಡೆದುಕೊಂಡು ಹೊರಟ. ಕೆರೆಯ ಪಕ್ಕದ ಕಲ್ಲುಗುಡಿಸಲಲ್ಲಿ ಕಾಯುತ್ತಾನೆ.

ಬಂಡೆಯ ಹಿಂದೆ ಟೆಂಟು ಹಾಕಿಯಾಯಿತು. ಅದರ ಪಕ್ಕ ಕ್ಯಾಮೆರಾ, ನಿಮಿಷಕ್ಕೊಂದು ಚಿತ್ರ ತಾನೇ ತೆಗೆಯುವಂತೆ. ಆ ಬಟ್ಟೆಯೊಂದು ಬಾಕಿ. ಕೆಂಪಗೆ, ಫ್ರೇಮಿನ ನಟ್ಟನಡುವೆ.

ಅದೇ ದಿನ, ಮೂರೂವರೆ

ಬಟ್ಟೆ ಎಳೆದೆ. ಅಂಚಿನ ಕಲ್ಲು ಜಾರಿತು, ಅದರ ಹಿಂದಿದ್ದ ಇನ್ನೊಂದು ಬಂಡೆಯೂ ಜಾರಿತು. ನನ್ನ ಬಲಗಾಲು ಅದರಡಿಯಲ್ಲಿದೆ. ಮೂಳೆ ಮುರಿದ ಸದ್ದು ಕೇಳಿಸಿತು. ತಳ್ಳಿದೆ, ಎಳೆದೆ... ಅಲುಗುತ್ತಿಲ್ಲ.

ಸುತ್ತಿ ಬಳಸಿ ಇಳಿಯುವ ದಾರಿಯಲ್ಲಿ ಫೌಸ್ಟೀನೊ ಇನ್ನೂ ನೇರ ಕೆಳಗೇ ಕಾಣುತ್ತಿದ್ದ. ಕೂಗಿದೆ. "ಕೊಂಪಾದ್ರೆ! ಕಾಲು ಸಿಕ್ಕೊಂಡಿದೆ! ಬನ್ರಪ್ಪಾ!"

ನಿಂತ. ಖಂಡಿತ ನಿಂತ. ಹೇಸರಗತ್ತೆ ತಿರುಗಿ ನೋಡಿತು, ಅವನು ನೋಡಲಿಲ್ಲ. ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. ಅಳುತ್ತಿದ್ದನೇನೋ, ಭುಜ ಅಲುಗುತ್ತಿತ್ತು. ಅವನ ಹೆಸರು ಹಿಡಿದು ಕಿರುಚಿದೆ.

ಓಡತೊಡಗಿದ.

ನಾಲ್ಕೂವರೆ ಇರಬೇಕು

ಇಳಿದವು. ಮೊದಲು ದೊಡ್ಡದು, ಕತ್ತಿನ ಸುತ್ತ ಬಿಳಿ ಪಟ್ಟಿ. ಆಮೇಲೆ ಉಳಿದವು. ಮೊದಲು ಕಣ್ಣು. ಅವನು ಹೇಳಿದ ಹಾಗೆಯೇ. ನನಗೂ ಅದಕ್ಕೂ ಒಂದು ಮಂಚದಷ್ಟು ಅಂತರ, ಮುಖ ತಿರುಗಿಸಲು ಆಗಲಿಲ್ಲ.

ಕ್ಯಾಮೆರಾ ಕ್ಲಿಕ್ ಅನ್ನುತ್ತಿದೆ. ಇಂಥ ಚಿತ್ರ ಯಾರೂ ತೆಗೆದಿಲ್ಲ. ಪ್ರತಿಯೊಂದರಲ್ಲೂ ನಾನಿದ್ದೇನೆ. ನಗು ಬಂತು. ಜೋರಾಗಿಯೇ ನಕ್ಕೆ. ಅವು ಬೆದರಲಿಲ್ಲ.

ಜೀವ ಇರುವುದನ್ನು ಕಾಂಡೋರ್ ಮುಟ್ಟುವುದಿಲ್ಲ. ಕೇಳಿದವರಿಗೆಲ್ಲ ನಾನೇ ಹೇಳಿದ್ದೇನೆ. ಆದರೆ ಸ್ಲೀಪಿಂಗ್ ಬ್ಯಾಗ್ ಟೆಂಟಿನಲ್ಲಿದೆ, ಕೈಗೆ ಎಟುಕದು. ಇಲ್ಲಿನ ರಾತ್ರಿಯ ಚಳಿ ಎಂಥದ್ದೆಂದು ನನಗೆ ಗೊತ್ತು.

ಬಿಸಿಲು ಹೋದ ಮೇಲೆ

ದೊಡ್ಡದು ಹೋಗಿಲ್ಲ. ಹೊಟ್ಟೆ ಬಿರಿಯುವಷ್ಟು ತಿಂದು ಹಾರಲಾರದೆ ಕೂತಿದೆ. ನನ್ನನ್ನೇ ನೋಡುತ್ತದೆ. ಅವಸರವಿಲ್ಲ ಅದಕ್ಕೆ.

ಕಾಲು ಇದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ. ಪೆನ್ನು ಜಾರುತ್ತದೆ. ಬಟ್ಟೆ ಇನ್ನೂ ಕೈಯಲ್ಲೇ ಇದೆ. ಫೌಸ್ಟೀನೊನ ಬೆವರು, ಕುದುರೆಯ ವಾಸನೆ. ಭಯವಾಗುತ್ತಿದೆ. ಯೆಸೇನಿಯಾಳ ಆಣೆ ಇಟ್ಟದ್ದು ಅವಳಿಗೆ ತಗಲದಿರಲಿ.

ಮುಖಕ್ಕೆ ಹೊದ್ದುಕೊಂಡು ನೋಡಿದೆ. ಗಾಳಿಗೆ ನಿಲ್ಲುತ್ತಿಲ್ಲ. ಅಂಚಿಗೊಂದು ಕಲ್ಲಿಡಲು ಯಾರಾದರೂ